ಆಣೆ ಹೋಗಿ ಪೈಸೆ ಬಂದಾಗ ಅರ್ಧ ಎಲ್ಲಿ ಹೋಯಿತು?

ಗಣಿತದ ತಾಸಿನಲ್ಲಿ ನಾವು ಮಕ್ಕಳಿಗೆ ಹೇಳುವುದು ಒಂದೇ ಮಾತು: ಅರ್ಧ ಬಂದರೆ ಮೇಲಿನ ಪೂರ್ಣ ಸಂಖ್ಯೆ ಬರೆಯಿರಿ. ಆದರೆ ಅರ್ಧವನ್ನು ಯಾವ ಕಡೆ ಹಾಕಬೇಕು ಎಂಬ ಪ್ರಶ್ನೆ ನಮ್ಮ ಹಿರಿಯರ ಜೇಬಿಗೂ ಬಂದಿತ್ತು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಮರಾಠವಾಡಾ ಮುಂಬಯಿ ರಾಜ್ಯಕ್ಕೆ ಸೇರಿತು. ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ಕೂಡ ಈ ಕಡೆಗೆ ಬಂದವು. ರಾಜ್ಯ ಬದಲಾಗಿ ಐದೇ ತಿಂಗಳಿಗೆ, 1957ರ ಏಪ್ರಿಲ್ 1ರಂದು, ದುಡ್ಡಿನ ಲೆಕ್ಕವೂ ಬದಲಾಯಿತು. ರೂಪಾಯಿಗೆ 16 ಆಣೆ ಇದ್ದದ್ದು 100 ನಯಾಪೈಸೆ ಆಯಿತು. ಹಳೆಯ ನಾಣ್ಯಗಳೂ ಕೆಲಕಾಲ ಜೊತೆಗೇ ನಡೆದವು.

ಒಂದು ಆಣೆ ಎಂದರೆ 6.25 ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಅದಕ್ಕೆ ಕಾಯದೆ ಒಂದು ದಾರಿ ಮಾಡಿತು: ಸಮೀಪದ ಪೈಸೆ ಹಿಡಿಯಬೇಕು, ಸರಿಯಾಗಿ ಅರ್ಧವಾದರೆ ಕೆಳಗಿನದನ್ನು ಹಿಡಿಯಬೇಕು. ಹೀಗಾಗಿ 2 ಆಣೆಗೆ 12.5 ಅಲ್ಲ, 12. 6 ಆಣೆಗೆ 37, 10 ಆಣೆಗೆ 62, 14 ಆಣೆಗೆ 87.

ಈ ಲೆಕ್ಕ ಒಂದು ಸಲ ಕೊಟ್ಟ ನಾಣ್ಯಗಳಿಗೆ ಒಟ್ಟಾಗಿ ನಡೆಯುತ್ತಿತ್ತು. ಎಂಟು ಎರಡಾಣೆ ಒಮ್ಮೆಗೇ ಕೊಟ್ಟರೆ 100 ಪೈಸೆ. ದಿನಕ್ಕೊಂದರಂತೆ ಕೊಟ್ಟರೆ 96. ಗಂಟು ಕಟ್ಟಿ ಸಾಮಾನು ಒಯ್ಯುವವನಿಗೆ ನಷ್ಟವಿಲ್ಲ. ಎರಡೆರಡು ಆಣೆಯ ಎಣ್ಣೆ, ಉಪ್ಪು ಒಯ್ಯುವ ಕೂಲಿಯವನಿಗೆ ಮಾತ್ರ ರೂಪಾಯಿಗೆ 4 ಪೈಸೆ ಖೋತಾ!

ಮೇಲಿನ ನಾಲ್ಕು ಅರ್ಧಗಳ ನಿಜವಾದ ಮೊತ್ತ 200. ಕಾಯದೆಯ ಲೆಕ್ಕಕ್ಕೆ 198. ನಮ್ಮ ಶಾಲೆಯ ನಿಯಮಕ್ಕೆ 202. ಎರಡೂ ತಪ್ಪುತ್ತವೆ.

ಈಗ ಅಂಕಿಅಂಶದವರು ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯನ್ನು ನೋಡಿರಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಇದನ್ನು 1990ರ ದಶಕದಲ್ಲಿ ರೂಪಿಸಿದರು. ಇದು ಅರ್ಧವನ್ನು ಸಮೀಪದ ಸಮಸಂಖ್ಯೆಗೆ ಒಯ್ಯುತ್ತದೆ: 12, 38, 62, 88. ಕೂಡಿಸಿದರೆ ಸರಿಯಾಗಿ 200. ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಎಲ್ಲಾ ಸಲ ಇಷ್ಟು ಸರಿ ಕೂಡುವುದಿಲ್ಲ, ಆದರೆ ಒಂದೇ ಕಡೆಗೆ ವಾಲುವುದು ತಪ್ಪುತ್ತದೆ.

1964ರಲ್ಲಿ ‘ನಯಾ’ ಶಬ್ದ ಹೋಯಿತು. 2011ರಲ್ಲಿ ನಾಲ್ಕಾಣೆ ಎನ್ನುತ್ತಿದ್ದ 25 ಪೈಸೆಯ ನಾಣ್ಯವೂ ಹೋಯಿತು. ಆದರೂ ಮಕ್ಕಳಿಗೆ ಈ ಲೆಕ್ಕ ಮಾಡಿಸಬೇಕೆಂದು ನಮಗೆ ಅನಿಸುತ್ತದೆ. ಅರ್ಧ ಸಣ್ಣದು. ಆದರೆ ಅದು ಪ್ರತಿ ಸಲ ಯಾರ ಕೈಯಿಂದ ಹೋಗುತ್ತದೆ ಎಂದು ಕೇಳುವುದೂ ಗಣಿತವೇ.