ಕೆಂಪು ನೀಲಿಯಾದ ಕತೆ

ಬಹಳ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡು ಮುಂದಕ್ಕೆ ಹಾಕ್ತಾ ಬಂದಿದ್ದೆ. ಅಕ್ಷರದ ಬಣ್ಣ ಬದಲಿಸೋ ನಾಲ್ಕು ಸಾಲಿನ ಮ್ಯಾಕ್ರೋಗೆ ಎಂಥ ಇತಿಹಾಸ ಮಾರಾಯಾ ಅಂತ ನಗಬೇಡಿ. ಇದೆ. ಅದು ಗೊತ್ತಿಲ್ಲದೆ ನಾನು ಕಳಕೊಂಡಿದ್ದೂ ಇದೆ.

2006ರ ಹೊತ್ತಿಗೆ ನಮ್ಮಜ್ಜಿ ಆಡೋ ಮಾತುಗಳ ಪಟ್ಟಿ ಮಾಡೋಕೆ ಶುರು ಮಾಡಿದ್ದೆ. ಕೊಟ್ಟಿಗೆಯ ಪದ, ಅಡುಗೆಮನೆಯ ಪದ, ಗದ್ದೆ ಕೆಲಸದ ಪದ.. ಅರ್ಥ ಖಾತ್ರಿಯಿಲ್ಲದ ಪದಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡ್ತಿದ್ದೆ. ಆಮೇಲೆ ಮ್ಯಾಕ್ರೋ ಓಡಿಸಿದ್ರೆ ಅದು ಅಂಥ ಪದಗಳನ್ನೆಲ್ಲ ಹುಡುಕಿ ಕೆಂಪು ಮಾಡಿ, ಚಿಹ್ನೆಯನ್ನ ಅಳಿಸಿಬಿಡೋದು. ಪುಟ ಚೊಕ್ಕವಾಗಿ ಕಾಣಲಿ ಅಂತ. ಊರಿಗೆ ಹೋದಾಗ ಅಜ್ಜಿ ಹತ್ರ ಕೇಳಿ, ಅರ್ಥ ಗಟ್ಟಿಯಾದ ಪದವನ್ನ ಕೈಯಾರೆ ನೀಲಿ ಮಾಡ್ತಿದ್ದೆ. ಕೆಂಪು ಅಂದ್ರೆ ಕೇಳಬೇಕು, ನೀಲಿ ಅಂದ್ರೆ ಕೇಳಿಯಾಯ್ತು.

ಈಗ ಇತಿಹಾಸಕ್ಕೆ ಬರೋಣ. ವಿಂಡೋಸ್‌ನ ಮೊದಲ ವರ್ಡ್ 1989ರಲ್ಲಿ ಬಂದಾಗಲೇ ಅದರೊಳಗೆ ವರ್ಡ್‌ಬೇಸಿಕ್ ಅನ್ನೋ ಪುಟ್ಟ ಭಾಷೆ ಇತ್ತು. ಬೆರಳಿನ ಕೆಲಸವನ್ನ ಒಮ್ಮೆ ಬರೆದಿಟ್ಟು ನೂರು ಸಲ ಮಾಡಿಸೋ ಅನುಕೂಲ. ಆಗ ಅಕ್ಷರಕ್ಕೆ ಇದ್ದ ಬಣ್ಣ ಕೆಲವೇ, ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ. 2 ಅಂದ್ರೆ ನೀಲಿ, 6 ಅಂದ್ರೆ ಕೆಂಪು. ಮಕ್ಕಳ ಕ್ರೇಯಾನ್ ಡಬ್ಬಿ ಇದ್ದ ಹಾಗೆ. ವರ್ಡ್ 97ರಲ್ಲಿ ವರ್ಡ್‌ಬೇಸಿಕ್ ಜಾಗಕ್ಕೆ ವಿಬಿಎ ಬಂದ್ರೂ ಡಬ್ಬಿ ಅದೇ ಉಳೀತು. ವರ್ಡ್ 2000ದಲ್ಲಿ ಡಬ್ಬಿ ಒಡೆದು ಕೋಟಿಗೂ ಮೀರಿದ ಬಣ್ಣಗಳು ಬಂದವು. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಬೇಕು ಅಂತ 0ಯಿಂದ 255ರವರೆಗೆ ಅಳತೆ ಕೊಟ್ಟು, ಮೂರನ್ನೂ ಸೇರಿಸಿ ಒಂದೇ ಸಂಖ್ಯೆ ಮಾಡೋ ಪದ್ಧತಿ.

ಮಜಾ ಇರೋದು ಸೇರಿಸೋ ಕ್ರಮದಲ್ಲಿ. ವಿಂಡೋಸ್‌ನ ಲೆಕ್ಕದಲ್ಲಿ ಕೆಂಪನ್ನ ಹಾಗೇ ಇಟ್ಟುಕೊಂಡು, ಹಸಿರನ್ನ 256ರಿಂದ, ನೀಲಿಯನ್ನ 65536ರಿಂದ ಗುಣಿಸಿ ಕೂಡಬೇಕು. ಹಾಗಾಗಿ ವರ್ಡ್‌ನಲ್ಲಿ ಅಪ್ಪಟ ಕೆಂಪು ಅಂದ್ರೆ ಬರೀ 255.

ಅತ್ತ ಜರ್ಮನಿಯಲ್ಲಿ ಸ್ಟಾರ್ ಡಿವಿಷನ್ ಕಂಪನಿಯವರ ಸ್ಟಾರ್‌ಆಫೀಸ್ ಬೆಳೀತಿತ್ತು. 1999ರಲ್ಲಿ ಸನ್ ಕಂಪನಿ ಅದನ್ನ ಕೊಂಡು, 2000ದಲ್ಲಿ ಮೂಲಸಂಕೇತವನ್ನ ಎಲ್ಲರಿಗೂ ಬಿಟ್ಟುಕೊಟ್ಟಿತು. ಓಪನ್‌ಆಫೀಸ್ ಹುಟ್ಟಿದ್ದು ಹಾಗೆ. 2010ರಲ್ಲಿ ಅದರಿಂದ ಕವಲೊಡೆದದ್ದು ಲಿಬ್ರೆಆಫೀಸ್. ಇಲ್ಲೂ ಬೇಸಿಕ್ ಭಾಷೆಯೇ, ಮ್ಯಾಕ್ರೋ ನೋಡಿದ್ರೆ ಅಣ್ಣತಮ್ಮನ ಹಾಗೆ ಕಾಣತ್ತೆ. ಆದ್ರೆ ಬಣ್ಣ ಸೇರಿಸೋ ಕ್ರಮ ಉಲ್ಟಾ! ವೆಬ್ ಪುಟಗಳಲ್ಲಿ ಇರೋ ಹಾಗೆ ಕೆಂಪು ದೊಡ್ಡ ಸ್ಥಾನದಲ್ಲಿ, ನೀಲಿ ಕೊನೇ ಸ್ಥಾನದಲ್ಲಿ. ಇಲ್ಲಿ ಕೆಂಪು ಬೇಕಂದ್ರೆ 16711680 ಬರೀಬೇಕು. ಬರೀ 255 ಅಂದ್ರೆ..?

ಹೌದು, ನೀಲಿ.

2008ರಲ್ಲಿ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದಕ್ಕೆ ಲಿನಕ್ಸ್ ಹಾಕಿಕೊಂಡು, ಮ್ಯಾಕ್ರೋವನ್ನ ಓಪನ್‌ಆಫೀಸ್‌ಗೆ ತಕ್ಕ ಹಾಗೆ ತಿದ್ದಿ ಬರೆದೆ. ಆಜ್ಞೆಗಳನ್ನೆಲ್ಲ ಬದಲಿಸಿದೆ. 255 ಮಾತ್ರ ಹಾಗೇ ಬಿಟ್ಟೆ. ಸಂಖ್ಯೆ ಸಂಖ್ಯೆಯೇ ಅಲ್ವಾ, ಅದರಲ್ಲಿ ಬದಲಾಗೋದು ಏನಿದೆ ಅನ್ನೋ ಧೈರ್ಯ. ತಪ್ಪು ಪೂರ್ತಿ ನನ್ನದೇ. ಹಳೇ ಕಡತದ ಬಣ್ಣಗಳು ಸರಿಯಾಗೇ ತೆರೆದುಕೊಂಡವು, ಕೆಂಪು ಕೆಂಪಾಗೇ ಇತ್ತು. ಅದಕ್ಕೇ ಅನುಮಾನ ಬರಲಿಲ್ಲ. ಫೋನಿನಲ್ಲಿ ಅಜ್ಜಿ ಹೇಳಿದಾಗ ಅರ್ಧಂಬರ್ಧ ಕೇಳಿಸಿಕೊಂಡು ಸೇರಿಸಿದ್ದ 23 ಪದಗಳ ಮೇಲೆ ಮ್ಯಾಕ್ರೋ ಓಡಿಸಿದೆ. ಅಷ್ಟೂ ನೀಲಿಯಾಗಿ, ಚಿಹ್ನೆ ಅಳಿಸಿಹೋಗಿ, ಖಾತ್ರಿಯಾದ ಪದಗಳ ಮಧ್ಯೆ ಬೆರೆತು ಕೂತವು.

ಆ ಸಲ ಊರಿಗೆ ಹೋದಾಗ ಕೆಂಪಿದ್ದವನ್ನ ಮಾತ್ರ ಕೇಳಿಕೊಂಡು ಬಂದೆ. ಅಜ್ಜಿ ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸ್ತಾ ಎಲ್ಲದಕ್ಕೂ ಉತ್ತರ ಹೇಳಿದ್ರು. "ಇಷ್ಟೇನಾ ಇರೋದು?" ಅಂತಾನೂ ಕೇಳಿದ್ರು. ಇಷ್ಟೇ ಅಂದೆ.

ಮುಂದಿನ ವರ್ಷ ಅಜ್ಜಿ ಹೋದ್ರು. ಅದಾದ ಎಷ್ಟೋ ದಿನದ ಮೇಲೆ ಒಂದು ಸಿಡಿಯಲ್ಲಿ, ಮ್ಯಾಕ್ರೋ ಓಡಿಸೋ ಮುಂಚಿನ ಪ್ರತಿ ಸಿಕ್ತು, ಪ್ರಶ್ನಾರ್ಥಕ ಚಿಹ್ನೆಗಳ ಸಮೇತ. ಆ 23ರಲ್ಲಿ ಒಂಬತ್ತು ಪದಗಳ ಅರ್ಥವನ್ನ ದೊಡ್ಡಮ್ಮ ಹೇಳಿದ್ರು. ಉಳಿದ 14 ಹಾಗೇ ಇವೆ. ಈಗ ಯಾರನ್ನ ಕೇಳೋದು?

ಈಗಲೂ ಎರಡೂ ಕಡೆಯ ಲೆಕ್ಕ ಹೀಗೇ ಬೇರೆ ಬೇರೆ ಇದೆ. ಅದಕ್ಕೆ ನನ್ನ ಕಡೆಯಿಂದ ಎರಡೇ ಮಾತು. ಒಂದು, ಮ್ಯಾಕ್ರೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಗೊಂಡು ಹೋಗುವಾಗ ಬಣ್ಣದ ಸಂಖ್ಯೆಯನ್ನ ನಂಬಬೇಡಿ, ಮೊದಲು ಒಂದು ಪದದ ಮೇಲೆ ಓಡಿಸಿ ಕಣ್ಣಾರೆ ನೋಡಿ. ಇನ್ನೊಂದು, ಗುರುತು ಅಕ್ಷರದಲ್ಲೇ ಇರಲಿ. ಅದನ್ನ ನೋಡಿಕೊಂಡು ಮ್ಯಾಕ್ರೋ ಬಣ್ಣ ಹಚ್ಚಲಿ, ಗುರುತನ್ನ ಅಳಿಸೋದು ಬೇಡ. ಬಣ್ಣ ತಪ್ಪಾದ್ರೆ ಮತ್ತೆ ಹಚ್ಚಬಹುದು.

ಆ 14 ಪದಗಳಿಗೆ ಪ್ರಶ್ನಾರ್ಥಕ ಚಿಹ್ನೆ ವಾಪಸ್ ಹಾಕಿದ್ದೀನಿ. ಪುಟ ಚೊಕ್ಕವಾಗಿ ಕಾಣದಿದ್ರೂ ಪರವಾಗಿಲ್ಲ.