ನಿರ್ದೇಶಕ ಸಿದ್ದಲಿಂಗಯ್ಯನವರ ಚಿತ್ರಗಳು: ಪ್ರದರ್ಶನದ ದಾಖಲೆ ಮತ್ತು ಜನರ ನೆನಪು

1972ರ ಮಾರ್ಚ್ 20ರಂದು ಡಿ. ದೇವರಾಜ ಅರಸು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಅದಾದ ಹನ್ನೊಂದು ದಿನಗಳಿಗೆ, ಮಾರ್ಚ್ 31ರಂದು, ‘ಬಂಗಾರದ ಮನುಷ್ಯ’ ತೆರೆ ಕಂಡಿತು. ಈ ಎರಡು ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಭೂಮಿ ಯಾರದು, ಅದನ್ನು ಯಾರು ಉಳಬೇಕು, ಉತ್ತವನಿಗೆ ಸಿಗುವುದೇನು ಎಂಬ ಪ್ರಶ್ನೆಗಳು ನಾಡಿನ ಮುಂದಿದ್ದ ಕಾಲದಲ್ಲಿಯೇ, ಪಟ್ಟಣದ ಕನಸು ಬಿಟ್ಟು ಬಂಜರು ನೆಲವನ್ನು ಹಸನು ಮಾಡುವ ವಿದ್ಯಾವಂತನೊಬ್ಬನ ಕಥೆಯನ್ನು ಜನ ಮುಗಿಬಿದ್ದು ನೋಡಿದರು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ, ಎಂದರೆ ನಂತರ ಭೂಮಿಕಾ ಎಂದು ಹೆಸರು ಬದಲಿಸಿಕೊಂಡ ಚಿತ್ರಮಂದಿರದಲ್ಲಿ, ಆ ಚಿತ್ರವು ಎರಡು ವರ್ಷ ಓಡಿತೆಂಬುದು ಕನ್ನಡ ಚಿತ್ರರಂಗದ ಅತ್ಯಂತ ಪ್ರಸಿದ್ಧ ದಾಖಲೆ. ಆ ದಾಖಲೆ ಯಾರದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಡಾ. ರಾಜ್‌ಕುಮಾರ್ ಅವರದು ಎನ್ನುತ್ತಾರೆ. ಚಿತ್ರವನ್ನು ನಿರ್ದೇಶಿಸಿದ ಎಸ್. ಸಿದ್ದಲಿಂಗಯ್ಯನವರ ಹೆಸರು ಅಪರೂಪಕ್ಕೆ ಕೇಳಿಬರುತ್ತದೆ. ಗ್ರಂಥಾಲಯದ ಸೂಚಿಗಳಲ್ಲಿ ಅದೇ ಹೆಸರಿನ ಕವಿಯೊಂದಿಗೆ ಅವರು ಬೆರೆತುಹೋಗುವುದೂ ಉಂಟು. ಕವಿ ಸಿದ್ದಲಿಂಗಯ್ಯನವರೂ ಚಿತ್ರಗೀತೆ ಬರೆದವರಾದ್ದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಜಾನಪದದ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ಹಾಡು ಉಳಿದು ಕಟ್ಟಿದವರ ಹೆಸರು ಅಳಿಯುವುದು, ಕಥೆಯ ನಾಯಕನೇ ಕಥೆಯ ಒಡೆಯನೂ ಆಗಿಬಿಡುವುದು ಮೌಖಿಕ ಪರಂಪರೆಯ ಸಹಜ ನಡೆ. ಮಲೆ ಮಾದೇಶ್ವರ ಕಾವ್ಯವನ್ನು ಕೇಳಿದವರು ಮಾದಪ್ಪನ ಮಹಿಮೆಯನ್ನು ನೆನೆಯುತ್ತಾರೆಯೇ ಹೊರತು, ಅದನ್ನು ಮೊದಲು ಕಟ್ಟಿದವರು ಯಾರೆಂದು ವಿಚಾರಿಸುವುದಿಲ್ಲ. ಆದರೆ ಸಿನಿಮಾ ಅಚ್ಚಾದ ಶೀರ್ಷಿಕೆಪಟ್ಟಿಯಿರುವ ಕಲೆ. ಅಲ್ಲಿಯೂ ಹೀಗಾಯಿತೆಂಬುದು ವಿಚಾರಕ್ಕೆ ಯೋಗ್ಯವಾದದ್ದು.

ಸಿದ್ದಲಿಂಗಯ್ಯನವರು 1936ರಲ್ಲಿ ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ತರೂರಿನಲ್ಲಿ ಜನಿಸಿದರು. ಸಿರಾ ಸೀಮೆ ಮಳೆಯನ್ನು ನಂಬಿ ಬದುಕುವ ಬಯಲು. ಒಣಭೂಮಿಯ ಬೇಸಾಯದ ಕಷ್ಟ ಅವರಿಗೆ ಓದಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಅವರು ಚಿತ್ರವಿದ್ಯೆಯನ್ನು ಕಲಿತದ್ದು ಶಾಲೆಯಲ್ಲಲ್ಲ, ಮೈಸೂರಿನ ನವಜ್ಯೋತಿ ಸ್ಟುಡಿಯೊದಂತಹ ಜಾಗಗಳಲ್ಲಿ ಚಿಕ್ಕಪುಟ್ಟ ಕೆಲಸ ಮಾಡುತ್ತಾ, ಬಿ. ವಿಠಲಾಚಾರ್ಯರ ಬಳಿ ಸಹಾಯಕರಾಗಿ ದುಡಿಯುತ್ತಾ. ಮಾಯಾಮಂತ್ರದ ಜನಪ್ರಿಯ ಚಿತ್ರಗಳಿಗೆ ಹೆಸರಾದ ವಿಠಲಾಚಾರ್ಯರ ಗರಡಿಯಿಂದ ಬಂದವರು ಹೊಲಗದ್ದೆಯ ಕಥೆಗಳಿಗೆ ಒಲಿದದ್ದು ವಿಚಿತ್ರವೆನಿಸಬಹುದು. ಆದರೆ ಸಾಮಾನ್ಯ ಪ್ರೇಕ್ಷಕನನ್ನು ಎರಡೂವರೆ ಗಂಟೆ ಕೂರಿಸಬಲ್ಲ ಕಥನದ ಹದ ಅಂತಹ ಗರಡಿಯಲ್ಲಿಯೇ ಸಿದ್ಧಿಸುವಂಥದು.

ಸ್ವತಂತ್ರ ನಿರ್ದೇಶಕರಾಗಿ ಅವರ ಮೊದಲ ಚಿತ್ರ, ದ್ವಾರಕೀಶ್ ನಿರ್ಮಿಸಿದ ‘ಮೇಯರ್ ಮುತ್ತಣ್ಣ’ (1969). ಹಳ್ಳಿಯಿಂದ ನಗರಕ್ಕೆ ಬಂದವನೊಬ್ಬ ಮೇಯರ್ ಆಗುವ ಕಥೆ ಅದು. ಅನಂತರ ‘ಬಾಳು ಬೆಳಗಿತು’ (1970), ‘ನಮ್ಮ ಸಂಸಾರ’, ‘ತಾಯಿ ದೇವರು’, ‘ನ್ಯಾಯವೇ ದೇವರು’ (ಮೂರೂ 1971), ‘ಬಂಗಾರದ ಮನುಷ್ಯ’ (1972), ‘ದೂರದ ಬೆಟ್ಟ’ (1973) ಬಂದವು. ಈ ಏಳೂ ಚಿತ್ರಗಳಲ್ಲಿ ರಾಜ್‌ಕುಮಾರ್ ಅವರೇ ನಾಯಕರು. ‘ಬಾಳು ಬೆಳಗಿತು’ ತೆಲುಗಿಗೂ ಹಿಂದಿಗೂ ಹೋಯಿತು. ಐದು ವರ್ಷಗಳಲ್ಲಿ ಒಬ್ಬ ನಟನೊಂದಿಗೆ ಏಳು ಚಿತ್ರಗಳೆಂದರೆ, ನಿರ್ಮಾಪಕರು ಮತ್ತು ಹಂಚಿಕೆದಾರರು ಆ ಜೋಡಿಯ ಮೇಲೆ ನಿಶ್ಚಿಂತೆಯಿಂದ ಹಣ ಹೂಡುತ್ತಿದ್ದರೆಂದೇ ಅರ್ಥ.

ಇಲ್ಲಿ ‘ಓಡುವುದು’ ಎಂಬ ಮಾತಿನ ಅರ್ಥವನ್ನು ಬಿಡಿಸಿ ನೋಡಬೇಕು. ಆ ಕಾಲದಲ್ಲಿ ಚಿತ್ರದ ಗೆಲುವನ್ನು ಅಳೆಯುತ್ತಿದ್ದುದು ರೂಪಾಯಿಯಲ್ಲಲ್ಲ, ವಾರಗಳಲ್ಲಿ. ನೂರು ದಿನ ತುಂಬಿದರೆ ಶತದಿನೋತ್ಸವ, ಇಪ್ಪತ್ತೈದು ವಾರಕ್ಕೆ ಬೆಳ್ಳಿಹಬ್ಬ, ಐವತ್ತಕ್ಕೆ ಚಿನ್ನದ ಹಬ್ಬ. ಲೆಕ್ಕಪುಸ್ತಕಗಳು ನಿರ್ಮಾಪಕ, ಹಂಚಿಕೆದಾರ, ಚಿತ್ರಮಂದಿರದ ಮಾಲೀಕ ಮತ್ತು ಮನರಂಜನಾ ತೆರಿಗೆಯ ಅಧಿಕಾರಿ ಇವರ ನಡುವೆಯೇ ಉಳಿಯುತ್ತಿದ್ದವು. ವಾರಗಳ ಎಣಿಕೆ ಮಾತ್ರ ಪತ್ರಿಕೆಯ ಜಾಹೀರಾತಿನಲ್ಲಿ, ಗೋಡೆಯ ಭಿತ್ತಿಚಿತ್ರದಲ್ಲಿ ಜನರ ಕಣ್ಣಿಗೆ ಬೀಳುತ್ತಿತ್ತು. ವಾರದ ಗಳಿಕೆ ಗೊತ್ತುಪಡಿಸಿದ ಮೊತ್ತಕ್ಕಿಂತ ಕೆಳಗಿಳಿದರೆ ಚಿತ್ರವನ್ನು ಎತ್ತಿಹಾಕುವ ಹಕ್ಕು ಚಿತ್ರಮಂದಿರಕ್ಕಿರುತ್ತಿತ್ತು. ಆದುದರಿಂದ ದೀರ್ಘಕಾಲ ಓಡುವುದೆಂದರೆ ಪ್ರತಿವಾರವೂ ಮರುಪರೀಕ್ಷೆಯಲ್ಲಿ ತೇರ್ಗಡೆಯಾಗುವುದು. ಎಣಿಕೆಯಲ್ಲಿ ಕೈಚಳಕವೂ ಇತ್ತು. ನಿತ್ಯ ಮೂರೋ ನಾಲ್ಕೋ ಆಟದಿಂದ ಬೆಳಗಿನ ಒಂದೇ ಆಟಕ್ಕೆ ಇಳಿದರೂ ವಾರ ವಾರವೇ. ಒಂದು ಮಂದಿರದಿಂದ ಇನ್ನೊಂದಕ್ಕೆ ವರ್ಗವಾದರೂ ಎಣಿಕೆ ಮುಂದುವರಿಯುತ್ತಿತ್ತು. ನೂರರ ಗಡಿ ಮುಟ್ಟಿಸಲು ನಿರ್ಮಾಪಕರೇ ಬಾಡಿಗೆ ತೆತ್ತು ಚಿತ್ರವನ್ನು ಉಳಿಸಿಕೊಂಡ ಸಂದರ್ಭಗಳೂ ಉದ್ಯಮಕ್ಕೆ ಅಪರಿಚಿತವಲ್ಲ. ಹೀಗಾಗಿ ‘ಎರಡು ವರ್ಷ’ ಎಂಬುದನ್ನು ಆಡಿಟ್ ಆದ ಅಂಕಿಯೆಂದು ಓದುವುದಕ್ಕಿಂತ, ಜನ ಹೇಳಿಕೊಳ್ಳಲು ಇಷ್ಟಪಟ್ಟ ಅಳತೆಯೆಂದು ಓದುವುದು ಹೆಚ್ಚು ಉಚಿತ. ಆ ಅಳತೆಯ ಹಿಂದೆ ನಿಜವಾದ ಜನಸಂದಣಿ ಇದ್ದಿತೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಬೆಂಗಳೂರಿನ ಎಣಿಕೆಯೇ ಪೂರ್ಣ ಚರಿತ್ರೆಯೂ ಅಲ್ಲ. ಆಗ ಚಿತ್ರದ ಪ್ರತಿಗಳು ಕೆಲವೇ ಇರುತ್ತಿದ್ದವು. ಅವು ಮೊದಲು ನಗರ, ಆಮೇಲೆ ತಾಲ್ಲೂಕು ಕೇಂದ್ರ, ಕಡೆಗೆ ಹೋಬಳಿಯ ಟೂರಿಂಗ್ ಟಾಕೀಸು ಎಂಬ ಕ್ರಮದಲ್ಲಿ ಇಳಿಯುತ್ತಿದ್ದವು. ಹಳ್ಳಿಯ ಟೆಂಟಿಗೆ ಬರುವ ಹೊತ್ತಿಗೆ ರೀಲುಗಳಲ್ಲಿ ಮಳೆ ಸುರಿದಂತೆ ಗೀರು ಬಿದ್ದಿರುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂಬ ತರಗತಿಗಳಲ್ಲಿ ನೆಲಕ್ಕೇ ಹೆಚ್ಚು ಜನ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ, ಜಾತ್ರೆಯ ದಿನಗಳಲ್ಲಿ, ಅದೇ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು. ಯಾವ ದಾಖಲೆಪಟ್ಟಿಯೂ ಎಣಿಸದ ಈ ಎರಡನೆಯ ಓಟದಲ್ಲಿಯೇ ‘ಬಂಗಾರದ ಮನುಷ್ಯ’ ನಾಡಿನ ಚಿತ್ರವಾದದ್ದು.

ಟಿ.ಕೆ. ರಾಮರಾಯರ ಅದೇ ಹೆಸರಿನ ಕಾದಂಬರಿ ಈ ಚಿತ್ರಕ್ಕೆ ಆಧಾರ. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಲೇಖಕರಿಂದ ಇಂಥ ಕಥೆ ಬಂದುದು ಕುತೂಹಲದ ಸಂಗತಿ. ಕಥೆಯಲ್ಲಿ ಕಡೆಯವರೆಗೂ ಒಂದು ಗುಟ್ಟು ಉಳಿದುಕೊಳ್ಳುವುದಕ್ಕೆ ಅದೂ ಕಾರಣವಿರಬಹುದು. ಭಾವನ ಮರಣದಿಂದ ಕಂಗೆಟ್ಟ ಅಕ್ಕನ ಸಂಸಾರಕ್ಕೆ ಹೆಗಲು ಕೊಡುವ ರಾಜೀವ, ಬಂಡೆ ಒಡೆದು ನೀರು ತರಿಸಿ, ಬೀಳುಭೂಮಿಯನ್ನು ಬೆಳೆಯ ಭೂಮಿ ಮಾಡುತ್ತಾನೆ. ಮದುವೆಯಾಗಿ ಬಂದ ಲಕ್ಷ್ಮಿ ಅಕಾಲಮರಣಕ್ಕೆ ತುತ್ತಾಗುತ್ತಾಳೆ. ತಾನು ಸಾಕಿ ಓದಿಸಿದ ಅಕ್ಕನ ಮಗನೇ ಸಂಶಯಪಟ್ಟು ನುಡಿದಾಗ, ಸತ್ತ ಭಾವನ ಮಾನ ಕಾಯಲು ನಿಜವನ್ನು ಹೇಳದೆ ರಾಜೀವ ಮನೆ ಬಿಟ್ಟು ಹೊರಡುತ್ತಾನೆ.

ಈ ಕಥೆಯ ಎಲುಬುಗೂಡು ಜನಪದ ಕಥನಗಳದ್ದೇ. ನೀರು ಬಂದ ಮನೆಯಲ್ಲಿ ಹೆಣ್ಣೊಬ್ಬಳು ಇಲ್ಲವಾಗುವುದನ್ನು ‘ಕೆರೆಗೆ ಹಾರ’ದ ಭಾಗೀರಥಿಯ ನೆನಪಿಲ್ಲದೆ ನೋಡಲು ಕನ್ನಡಿಗರಿಗೆ ಸಾಧ್ಯವಿಲ್ಲ. ಚಿತ್ರದಲ್ಲಿ ಅದು ಬಲಿಯಲ್ಲ, ಅಪಘಾತ ಮಾತ್ರ. ಆದರೂ ನೆಲ ಹಸುರಾದುದಕ್ಕೂ ಮನೆ ಬರಿದಾದುದಕ್ಕೂ ಪ್ರೇಕ್ಷಕನ ಮನಸ್ಸು ಗಂಟು ಹಾಕುತ್ತದೆ. ಊರನ್ನು ಉದ್ಧರಿಸಿ ಊರಲ್ಲಿ ನಿಲ್ಲದೆ ಹೊರಟುಹೋಗುವ ನಾಯಕನೂ ನಮ್ಮ ಕಥನಗಳಿಗೆ ಹಳಬನೇ: ಮಂಟೇಸ್ವಾಮಿ ಕಲ್ಯಾಣವನ್ನು ಬಿಟ್ಟು ಹೊರಟಂತೆ. ಸುಖಾಂತವಲ್ಲದ ಚಿತ್ರವೊಂದು ವರ್ಷಾನುಗಟ್ಟಲೆ ಓಡಿದ್ದಕ್ಕೆ ವಿಮರ್ಶಕರು ಸಾಮಾನ್ಯವಾಗಿ ನಟನ ವರ್ಚಸ್ಸನ್ನೂ ಜಿ.ಕೆ. ವೆಂಕಟೇಶರ ಸಂಗೀತವನ್ನೂ ಕಾರಣವಾಗಿ ಕೊಡುತ್ತಾರೆ. ಅವೆರಡೂ ನಿಜ. ಆದರೆ ಅದೇ ನಟ, ಅದೇ ಸಂಗೀತ ನಿರ್ದೇಶಕ ಸೇರಿದ ಚಿತ್ರಗಳೆಲ್ಲ ಹೀಗೆ ಓಡಲಿಲ್ಲ. ಕೇಳಿ ಗೊತ್ತಿದ್ದ ಕಥೆಯ ನಡಿಗೆಯನ್ನು ಹೊಸ ಹೊಲದಲ್ಲಿ, ಪಂಪುಸೆಟ್ಟಿನ ಕಾಲದ ಬೇಸಾಯದಲ್ಲಿ ನಡೆಸಿದ ನಿರ್ದೇಶಕನ ಪಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಗೆಲುವು ಅರ್ಥವಾಗುವುದಿಲ್ಲ.

ಚಿತ್ರವನ್ನು ನೋಡಿ ಓದಿದ ಯುವಕರು ನೌಕರಿ ಬಿಟ್ಟು ಹಳ್ಳಿಗೆ ಮರಳಿ ಬೇಸಾಯ ಹಿಡಿದರೆಂಬ ಮಾತು ಐವತ್ತು ವರ್ಷಗಳಿಂದ ಪ್ರಚಲಿತವಾಗಿದೆ. ಇದು ಐತಿಹ್ಯದ ಎಲ್ಲ ಲಕ್ಷಣಗಳನ್ನೂ ಹೊಂದಿದೆ. ಹೇಳುವವನಿಗೆ ಅಂಥವನೊಬ್ಬ ಗೊತ್ತು, ಅಥವಾ ಗೊತ್ತಿದ್ದವನ ಪರಿಚಯವುಂಟು. ಪಕ್ಕದ ತಾಲ್ಲೂಕಿನಲ್ಲಿ ಅಂಥ ತೋಟವುಂಟು. ಕೆಲವರು ನಿಜವಾಗಿಯೂ ಮರಳಿರಬೇಕು. ಆದರೆ ಅದೇ ದಶಕಗಳಲ್ಲಿ ಹಳ್ಳಿಯಿಂದ ನಗರಕ್ಕೆ ಹರಿದ ಜನಪ್ರವಾಹದ ಮುಂದೆ ಇದು ಎದುರೀಜು. ಹೊರಟುಹೋದವರೇ ಮರಳಿದವನ ಕಥೆಯನ್ನು ಹೆಚ್ಚು ಪ್ರೀತಿಯಿಂದ ಹೇಳುತ್ತಾರೆಂಬುದು ಜಾನಪದ ಬಲ್ಲವರಿಗೆ ಆಶ್ಚರ್ಯ ತರುವುದಿಲ್ಲ. ಕೆಂಪೇಗೌಡ ರಸ್ತೆಯಲ್ಲಿ ಟಿಕೇಟಿಗಾಗಿ ಸಾಲುನಿಂತವರಲ್ಲಿಯೂ ಊರು ಬಿಟ್ಟು ಬಂದವರು ಬಹಳ ಮಂದಿ ಇದ್ದಿರಬೇಕು.

ಮರುವರ್ಷದ ‘ದೂರದ ಬೆಟ್ಟ’ ಗಾದೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಚಿತ್ರ. ಇಲ್ಲಿ ನಾಯಕ ಹಳ್ಳಿಯ ಕಮ್ಮಾರ. ‘ಬಂಗಾರದ ಮನುಷ್ಯ’ದ ನೆರಳಿನಲ್ಲಿ ಬಂದದ್ದರಿಂದ ಇದಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. ಭೂಮಿಯಿಲ್ಲದ ಕುಶಲಕರ್ಮಿಯನ್ನು ನಾಯಕನ ಸ್ಥಾನದಲ್ಲಿ ಕೂರಿಸಿದುದು ಆ ಕಾಲದ ಜನಪ್ರಿಯ ಚಿತ್ರಕ್ಕೆ ಸಣ್ಣ ಮಾತಲ್ಲ.

ನಿರ್ದೇಶಕನ ಪಾಲು ಎಷ್ಟೆಂಬ ಪ್ರಶ್ನೆಗೆ ನಿಜವಾದ ಉತ್ತರ ‘ಭೂತಯ್ಯನ ಮಗ ಅಯ್ಯು’ (1974). ಈ ಹೊತ್ತಿಗೆ ಮೈಸೂರು ರಾಜ್ಯ ಕರ್ನಾಟಕವಾಗಿತ್ತು. ಭೂಸುಧಾರಣಾ ತಿದ್ದುಪಡಿ ಕಾಯಿದೆ ಅದೇ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದಿತು. ರಾಜ್‌ಕುಮಾರ್ ಈ ಚಿತ್ರದಲ್ಲಿ ಇರಲಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆ; ಭೂತಯ್ಯನಾಗಿ ಎಂ.ಪಿ. ಶಂಕರ್, ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ‘ನಾಗರಹಾವು’ ಚಿತ್ರದಿಂದ ಆಗತಾನೆ ಹೆಸರು ಮಾಡಿದ್ದ ವಿಷ್ಣುವರ್ಧನ್. ಸಾಲ ಕೊಟ್ಟು ಊರನ್ನೇ ಹಿಂಡಿದ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಹಳ್ಳಿಯ ಸಮಾಜದಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಸಾವಿನ ಆಚರಣೆಯ ನಿರಾಕರಣೆ ಒಂದು ತೀರ್ಪು ಎಂಬುದನ್ನು ಸಿದ್ದಲಿಂಗಯ್ಯನವರು ಭಾಷಣವಿಲ್ಲದೆ ಕಾಣಿಸಿದರು. ತಂದೆಗಿಂತ ಭಿನ್ನನಾಗಲು ಹೆಣಗುವ ಅಯ್ಯು, ಕೋರ್ಟು ಕಚೇರಿ ಅಲೆದು ಕರಗುವ ಎರಡು ಮನೆಗಳ ಆಸ್ತಿ, ಹಗೆ, ಕೊನೆಗೆ ಹೊಳೆಯ ಪ್ರವಾಹದಲ್ಲಿ ಕರಗುವ ವೈರ. ಲೋಕನಾಥರ ಉಪ್ಪಿನಕಾಯಿಯ ಪ್ರಸಂಗ ಚಿತ್ರದಿಂದಲೇ ಬೇರ್ಪಟ್ಟು, ಚಿತ್ರ ನೋಡದವರ ಬಾಯಲ್ಲಿಯೂ ಹಾಸ್ಯಕಥೆಯಾಗಿ ಓಡಾಡಿತು. ಚಿತ್ರ ಭಾರಿ ಯಶಸ್ಸು ಕಂಡಿತು. ಮಹಾನಟನ ಹೆಸರಿಲ್ಲದೆಯೂ ಸಿದ್ದಲಿಂಗಯ್ಯನವರ ಹಳ್ಳಿ ಚಿತ್ರಮಂದಿರ ತುಂಬಿಸಬಲ್ಲದೆಂಬುದು ಅಲ್ಲಿಗೆ ಸಿದ್ಧವಾಯಿತು. ಕಲೆಯಾಗಿ ನೋಡಿದರೂ ಅವರ ಅತ್ಯುತ್ತಮ ಕೃತಿ ಇದೇ. ಇದರಲ್ಲಿ ಆದರ್ಶಕ್ಕಿಂತ ಊರಿನ ವಾಸನೆ ಹೆಚ್ಚು.

ಆದರೂ ಕನ್ನಡ ಚಿತ್ರಚರಿತ್ರೆ ಅವರ ಕಡೆಗೆ ಕೃಪಣವಾಗಿಯೇ ಉಳಿಯಿತು. ‘ಸಂಸ್ಕಾರ’ (1970), ‘ವಂಶವೃಕ್ಷ’ (1971), ‘ಕಾಡು’ (1973), ‘ಚೋಮನ ದುಡಿ’ (1975) ಬಂದದ್ದು ಇದೇ ವರ್ಷಗಳಲ್ಲಿ. ಪ್ರಶಸ್ತಿಗಳ ಚರಿತ್ರೆ ಆ ಚಿತ್ರಗಳನ್ನು ಹಿಡಿಯಿತು; ತಾರೆಗಳ ಚರಿತ್ರೆ ರಾಜ್‌ಕುಮಾರ್ ಅವರನ್ನು ಹಿಡಿಯಿತು; ಇವೆರಡರ ನಡುವಿನ ದಾರಿಯ ನಿರ್ದೇಶಕರೆಂಬ ಕೀರ್ತಿ ಪುಟ್ಟಣ್ಣ ಕಣಗಾಲರಿಗೆ ಸಂದಿತು. ಪುಟ್ಟಣ್ಣನವರ ಚಿತ್ರಗಳಲ್ಲಿ ನಿರ್ದೇಶಕನ ಕೈ ಎದ್ದು ಕಾಣುತ್ತದೆ, ಸಿದ್ದಲಿಂಗಯ್ಯನವರ ಚಿತ್ರಗಳಲ್ಲಿ ಕಾಣುವುದಿಲ್ಲ. ಕಾಣದ ಕೈಯನ್ನು ಇಲ್ಲದ ಕೈಯೆಂದು ತಿಳಿದದ್ದು ವಿಮರ್ಶೆಯ ದೋಷ.

1974ರ ಅನಂತರದ ಚಿತ್ರಗಳಲ್ಲಿ ಏರಿಳಿತಗಳಿವೆ. ‘ಹೇಮಾವತಿ’ (1977) ಗಂಭೀರ ಪ್ರಯತ್ನ. ‘ಭೂಲೋಕದಲ್ಲಿ ಯಮರಾಜ’ (1979) ಮತ್ತು ಅನಂತನಾಗ್ ಅಭಿನಯದ ‘ನಾರದ ವಿಜಯ’ (1980) ದೇವಲೋಕದವರನ್ನು ಬೀದಿಗಿಳಿಸಿ ನಗಿಸಿದವು. ಶಿವಪಾರ್ವತಿಯರನ್ನೇ ಮುದುಕ ಮುದುಕಿಯರಾಗಿ ಊರೂರು ಅಲೆಸುವ ಜನಪದ ಕಥೆಗಾರನ ಸಲಿಗೆಯೇ ಇಲ್ಲಿಯೂ ಇದೆ. ‘ಬಿಳಿಗಿರಿಯ ಬನದಲ್ಲಿ’ (1980), ‘ಕೂಡಿ ಬಾಳಿದರೆ ಸ್ವರ್ಗ ಸುಖ’ (1981) ಮುಂತಾದವುಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ‘ಪ್ರೇಮಪರ್ವ’ದ (1983) ಮೂಲಕ ಅವರು ತೆರೆಗೆ ತಂದ ಮಗ ಮುರಳಿ ಮುಂದೆ ತಮಿಳಿನಲ್ಲಿ ಪ್ರಸಿದ್ಧ ನಟರಾಗಿ, 2010ರಲ್ಲಿ ತಂದೆಗಿಂತ ಮೊದಲೇ ತೀರಿಕೊಂಡರು. ಎಂಬತ್ತರ ದಶಕದ ಹೊತ್ತಿಗೆ ಜನಪ್ರಿಯ ಚಿತ್ರದ ಕಥೆ ಹೊಲದಿಂದ ನಗರದ ಗಲ್ಲಿಗೆ, ಕಾಲೇಜಿಗೆ ಸರಿದಿತ್ತು. ದಶಕದ ಕೊನೆಗೆ ಮನೆಮನೆಗೆ ಬಂದ ದೂರದರ್ಶನ ಟೆಂಟುಗಳ ನೆಲದ ಪ್ರೇಕ್ಷಕರನ್ನೂ ಕಸಿದುಕೊಳ್ಳತೊಡಗಿತು. ಸಿದ್ದಲಿಂಗಯ್ಯನವರ ಚಿತ್ರಗಳಿಗೆ ಎರಡನೆಯ ಓಟವನ್ನು ಕೊಟ್ಟಿದ್ದ ವ್ಯವಸ್ಥೆಯೇ ಹೀಗೆ ಕುಸಿಯಿತು.

2015ರ ಮಾರ್ಚ್ 12ರಂದು ಸಿದ್ದಲಿಂಗಯ್ಯನವರು ನಿಧನರಾದರು. ಅಷ್ಟರಲ್ಲಿ ಗೆಲುವಿನ ಅಳತೆಗೋಲೂ ಬದಲಾಗುತ್ತಿತ್ತು. ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮಿಕ್ಕು ಓಡಿ, ವಾರಗಳ ಲೆಕ್ಕಕ್ಕೂ ಕೋಟಿಗಳ ಲೆಕ್ಕಕ್ಕೂ ಸೇರಿದ ಚಿತ್ರವಾಯಿತು. 2022ರ ‘ಕೆ.ಜಿ.ಎಫ್: ಚಾಪ್ಟರ್ 2’ ಮತ್ತು ‘ಕಾಂತಾರ’ ಚಿತ್ರಗಳ ಬಗೆಗೆ ಎಷ್ಟು ವಾರ ಓಡಿದವೆಂದು ಕೇಳುವವರು ವಿರಳ, ಎಷ್ಟು ಕೋಟಿ ಗಳಿಸಿದವೆಂಬುದೇ ಮಾತು. ಸಾವಿರಾರು ಪರದೆಗಳಲ್ಲಿ ಒಂದೇ ದಿನ ಬಿಡುಗಡೆಯಾಗುವ ಚಿತ್ರದ ಗಳಿಕೆಯನ್ನು, ಕೆಲವೇ ಪ್ರತಿಗಳಲ್ಲಿ ಊರಿಂದೂರಿಗೆ ಸಾಗಿದ ಚಿತ್ರದ ಗಳಿಕೆಯೊಂದಿಗೆ ಹೋಲಿಸುವುದು ರಾಗಿಯನ್ನು ಗಜಕಡ್ಡಿಯಲ್ಲಿ ಅಳೆದಂತೆ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಲ್ಲಿ ಹಲವು ನೆಲಸಮವಾಗಿವೆ. ಮುಚ್ಚಿಹೋದ ಮಂದಿರಗಳ ಮತ್ತು ಹಂಚಿಕೆ ಕಚೇರಿಗಳ ಲೆಕ್ಕಪುಸ್ತಕಗಳನ್ನು ಕಲೆಹಾಕುವ ಕೆಲಸಕ್ಕೆ ಸಂಶೋಧಕರು ಇನ್ನಾದರೂ ಕೈಹಾಕಬೇಕಾಗಿದೆ. ಟೂರಿಂಗ್ ಟಾಕೀಸಿನಲ್ಲಿ ಟಿಕೇಟು ಹರಿದವರು, ಪ್ರಚಾರದ ಗಾಡಿಯಲ್ಲಿ ತಮಟೆ ಬಾರಿಸಿ ಕರಪತ್ರ ಹಂಚಿದವರು, ರೀಲು ಸುತ್ತಿದವರು ಈಗ ಎಪ್ಪತ್ತು ದಾಟಿದ್ದಾರೆ. ಅವರ ಹೇಳಿಕೆಗಳು ಧ್ವನಿಮುದ್ರಣವಾಗಬೇಕಾದ ಕಾಲ ಇದು.