ಹೊಲ ಮೊದಲು, ಕಾಲೇಜು ಆಮೇಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರು ಕೃಷಿ ವಿಜ್ಞಾನಕ್ಕೆ ಬಂದ ಚರಿತ್ರೆ ತಿರುವುಮುರುವಾದದ್ದು. ಆಗ ಬಿಜಾಪುರವೆನಿಸಿದ್ದ ಇಂದಿನ ವಿಜಯಪುರಕ್ಕೆ ಒಣ ಬೇಸಾಯದ ಸಂಶೋಧನಾ ಕೇಂದ್ರ 1933ರಲ್ಲೇ ಬಂತು. ಪದವಿ ಬೇಕಾದವರು ಮಾತ್ರ ಪುಣೆಗೆ ಹೋಗಬೇಕಿತ್ತು. ಧಾರವಾಡದಲ್ಲಿ ಕೃಷಿ ಕಾಲೇಜು ತೆರೆದದ್ದು 1947ರಲ್ಲಿ. ವಿಜಯಪುರಕ್ಕೆ ಕಾಲೇಜು ದಕ್ಕಿದ್ದು 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ. ಈ ವಿಳಂಬ ಅನ್ಯಾಯವೇ ಸರಿ. ಆದರೆ ಇಲ್ಲಿಯ ವಿದ್ಯಾರ್ಥಿ ಬರಿಗೈಲಿ ಹೋಗಲಿಲ್ಲ, ಅರ್ಧ ಪಾಠ ಹೊಲದಲ್ಲೇ ಕಲಿತು ಹೋದ ಎಂಬುದು ನನ್ನ ವಾದ. ಎರೆ ಹೊಲವನ್ನು ಮುಂಗಾರಿನಲ್ಲಿ ಬೀಳು ಬಿಟ್ಟು, ಕುಂಟೆ ಹೊಡೆದು ಕಸ ತೆಗೆದು, ಮಳೆಯನ್ನೆಲ್ಲ ನೆಲಕ್ಕೆ ಕುಡಿಸಿ, ಸೆಪ್ಟೆಂಬರ್-ಅಕ್ಟೋಬರಿನ ಹಸಿಗೆ ಕೂರಿಗೆಯಿಂದ ಹಿಂಗಾರಿ ಜೋಳ ಬಿತ್ತುತ್ತಾರೆ. ಚಳಿಗಾಲಕ್ಕೆ ನೆಲ ಬಿರಿದು ಬೇರು ಹರಿಯುವ ಹೊತ್ತಿಗೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ಒಳಗಿನ ತೇವ ಆರದಂತೆ ಕಾಯುವ ಈ ಕೆಲಸಕ್ಕೇ ಪುಸ್ತಕದಲ್ಲಿ ಮಣ್ಣಿನ ಹೊದಿಕೆ ಎಂಬ ಹೆಸರಿದೆ.

ಅಷ್ಟು ತಿಳಿದಿದ್ದರೆ 1876–78ರ ಬರದಲ್ಲಿ ಜನ ಏಕೆ ಸತ್ತರು ಎಂದು ಕೇಳಬಹುದು. ತೇವ ಕಾಯುವ ವಿದ್ಯೆಗೂ ಒಂದಷ್ಟು ಮಳೆ ಬೇಕು. ಆಕಾಶವೇ ಕೈಕೊಟ್ಟರೆ ಕುಂಟೆ ಏನು ಮಾಡೀತು? ಅಲ್ಲದೆ, ಹೊಸ ವಿಜ್ಞಾನವೂ ಸುಲಭಕ್ಕೆ ಗೆಲ್ಲಲಿಲ್ಲ. ಒಡ್ಡು ಹಾಕಿ, 18 ಇಂಚಿನ ಅಂತರದ ಸಾಲಿನಲ್ಲಿ ಕಡಿಮೆ ಬೀಜ ಬಿತ್ತುವ ಮುಂಬಯಿ ಪದ್ಧತಿಯಿಂದ ಇಳುವರಿ ಏರಿದ್ದು ಅಷ್ಟಕ್ಕಷ್ಟೇ. ರೈತರು ಅದಕ್ಕೆ ಮನಸ್ಸು ಕೊಡಲಿಲ್ಲ. ನಿಂತದ್ದು ಬೀಜ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ರೈತರ ಮಾಲದಂಡಿ ಜೋಳದಿಂದಲೇ ಆಯ್ದ ಎಂ 35-1 ಇಂದಿಗೂ ಹಿಂಗಾರಿ ಹೊಲದ ಒಡೆಯ. 1964ರಲ್ಲಿ ಬಂದ ಸಿಎಸ್‌ಎಚ್-1ರಂಥ ಹೈಬ್ರಿಡ್‌ಗಳು ಮುಂಗಾರಿಯಲ್ಲಿ ಹಬ್ಬಿದವು. ರೊಟ್ಟಿಯ ರುಚಿ, ದನದ ಮೇವು ಎರಡನ್ನೂ ತೂಗಿದ ರೈತ ಹಿಂಗಾರಿಗೆ ಮಾಲದಂಡಿಯನ್ನೇ ಉಳಿಸಿಕೊಂಡ.

ಆಲಮಟ್ಟಿ ಅಣೆಕಟ್ಟಾಯಿತು, ಕಾಲುವೆ ಬಂತು, ಇಂಡಿಯ ಲಿಂಬೆಗೆ ಹೆಸರಾಯಿತು. ಇನ್ನು ಒಣ ಬೇಸಾಯದ ಪಾಠ ಯಾರಿಗೆ ಬೇಕು ಎನ್ನುವವರಿದ್ದಾರೆ. ತಾಳಿಕೋಟೆಯ ಪಕ್ಕ ಹರಿಯುವ ಡೋಣಿಯ ಉಪ್ಪು ನೀರನ್ನು ಅವರು ಒಮ್ಮೆ ನೋಡಲಿ. ನೀರು ಹೆಚ್ಚಾದರೆ ಎರೆ ಭೂಮಿ ಜವಳು ಹಿಡಿಯುತ್ತದೆ, ಆಮೇಲೆ ಸವಳಾಗುತ್ತದೆ. ನೀರಿಲ್ಲದಾಗ ತೇವ ಹಿಡಿಯುವುದು, ನೀರಿದ್ದಾಗ ಬಸಿಯುವುದು, ಎರಡಕ್ಕೂ ಮಣ್ಣಿನ ಅದೇ ಗುಣ ತಿಳಿದಿರಬೇಕು. ವಿಜಯಪುರದ ಕಾಲೇಜಿಗೆ ಸೇರುವ ಈ ತಾಲೂಕುಗಳ ಮಕ್ಕಳು ಮಣ್ಣು ವಿಜ್ಞಾನವನ್ನು ಬರೀ ಪರೀಕ್ಷೆಗೆಂದು ಓದಿ ಬಿಡಬಾರದು.